ಒಡೆದ ಗಂಟಲಿಗೆ ಬಿದ್ದ ಚಪ್ಪಾಳೆ

ಮನೆ, ಅಡುಗೆಕೋಣೆಯ ಮೇಜು
ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಡುಗಿನವರಿಗೆ,

ಸ್ಟುಡಿಯೋದವರು ಇಟ್ಟ ಹೆಸರಿನಿಂದ ಕರೆದೆ ಎಂದು ಮುಖ ಗಂಟು ಹಾಕಿಕೊಳ್ಳಬೇಡಿ. ಬರಿಯ 'ರೀ' ಎಂದು ಶುರು ಮಾಡಿದ್ದರೆ ಹೆಂಡತಿಯ ಗೋಳು ಎಂದುಕೊಂಡು ಎರಡನೆಯ ಸಾಲಿಗೇ ಮಡಚಿಟ್ಟುಬಿಡುತ್ತಿದ್ದಿರಿ. ಅಭಿಮಾನಿಯ ಕಾಗದವಾದರೆ ಕೊನೆಯವರೆಗೂ ಓದುತ್ತೀರಿ, ನನಗೆ ಗೊತ್ತು.

ಫೋನ್ ಮಾಡಿ ಮಾಡಿ ಸಾಕಾಯಿತು. ನೀವು ಎತ್ತುವುದಿಲ್ಲ, ನಿಮ್ಮ ಅಕ್ಕ ಎತ್ತುತ್ತಾರೆ. "ಅವನು ಗಂಟಲಿಗೆ ರೆಸ್ಟ್ ಕೊಡ್ತಿದಾನಮ್ಮ, ನಾಲ್ಕು ದಿನ ಅವನ ಪಾಡಿಗೆ ಬಿಡು" ಎನ್ನುತ್ತಾರೆ. ಪಾಪ, ಅವರಿಗೆ ನೀವು ಏನೂ ಹೇಳಿಲ್ಲ. ನೆಗಡಿ ಇಳಿದು ಗಂಟಲು ಕಟ್ಟಿದೆ ಎಂದು ನಂಬಿಸಿ, ಅವರ ಕೈಯಿಂದ ಕಷಾಯ ಮಾಡಿಸಿಕೊಂಡು ಕುಡಿಯುತ್ತಾ ಕೂತಿದ್ದೀರಿ. ನಾನೇ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದೆ. ಅದು ನೀವೇ ಆಡಬೇಕಾದ ಮಾತು, ಇಷ್ಟು ವರ್ಷ ನಿಮ್ಮ ಬಾಯಿಗೆ ಮಾತು ಒದಗಿಸಿದ್ದು ಸಾಕು ಎನಿಸಿ ಫೋನ್ ಇಟ್ಟೆ.

ಒಂದು ಲೆಕ್ಕಕ್ಕೆ ಕಾಗದವೇ ವಾಸಿ. ಎದುರಿಗೆ ಕೂತು ನೀವು "ನೋಡು" ಎಂದು ಒಂದೇ ಒಂದು ಮಾತು ಆ ಇಳಿದನಿಯಲ್ಲಿ ಆಡಿದರೆ ಸಾಕು, ನಾನು ಸಿದ್ಧ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗುತ್ತದೆ. ಇಲ್ಲಿ ಇಬ್ಬರಿಗೂ ದನಿ ಇಲ್ಲ, ಸಮಸಮ. ಅದಕ್ಕೇ ಸುತ್ತಿ ಬಳಸದೆ ಹೇಳುತ್ತೇನೆ. ಆಪರೇಷನ್ ಸೋಮವಾರ ಬೆಳಗ್ಗೆ. ಆಸ್ಪತ್ರೆಯಲ್ಲಿ ನಿಮ್ಮ ಹಾಸಿಗೆಯನ್ನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ. ಡಾಕ್ಟರಮ್ಮನ ಕೈಕಾಲು ಹಿಡಿದು ಅಷ್ಟು ಮಾಡಿಸಿದ್ದೇನೆ.

ಅವರು ಆ ದಿನ ಹೇಳಿದ್ದನ್ನು ನೀವು ಕೇಳಿಸಿಕೊಂಡಿರಾ ಎಂಬುದೇ ನನಗೆ ಅನುಮಾನ. ಗೋಡೆಯ ಮೇಲಿನ ಗಂಟಲಿನ ಚಿತ್ರವನ್ನು ನೋಡುತ್ತಾ ಕೂತಿದ್ದಿರಿ. ಗಡ್ಡೆ ಧ್ವನಿಪೆಟ್ಟಿಗೆಯಲ್ಲೇ ಇದೆ, ಪೆಟ್ಟಿಗೆಯನ್ನು ಪೂರ್ತಿ ತೆಗೆದರೆ ಬದುಕುತ್ತಾರೆ, ಆದರೆ ಮೊದಲಿನ ಹಾಗೆ ಮಾತು ಬರುವುದಿಲ್ಲ, ತಡ ಮಾಡಿದರೆ ತೆಗೆದೂ ಪ್ರಯೋಜನವಿಲ್ಲ ಎಂದರು. ನೀವು ಮನೆಗೆ ಬಂದು ಶೂ ಕೂಡ ಬಿಚ್ಚದೆ ಬ್ಯಾಗ್ ತುಂಬಿದಿರಿ. ಅಕ್ಕನ ಮನೆಯಲ್ಲಿ ಗಂಟಲಿಗೆ ರೆಸ್ಟ್ ಕೊಟ್ಟು ಬರುತ್ತೇನೆ, ಕಮಾಂಡರ್ ಚಿತ್ರದ ಮೂರನೆಯ ಭಾಗದ ಡಬ್ಬಿಂಗ್ ಮುಗಿಯಲಿ, ಅದಕ್ಕೆ ನನ್ನನ್ನು ಬಿಟ್ಟರೆ ಯಾರೂ ಇಲ್ಲ, ಆಮೇಲೆ ನೋಡೋಣ ಎಂದಿರಿ. ನಾನು ಬಾಗಿಲಿಗೆ ಅಡ್ಡ ನಿಂತಾಗ ನಿಜವಾದ ಮಾತು ಹೊರಬಂತು. "ದನಿ ಕಿತ್ತು ಹಾಕಿದ ಮೇಲೆ ಉಳಿಯೋದನ್ನ ಗಂಡಸು ಅಂತಾರಾ?" ಎಂದಿರಿ. ನನ್ನನ್ನು ಪಕ್ಕಕ್ಕೆ ಸರಿಸಿ ಹೊರಟಿರಿ. ಮೂರು ವಾರದಿಂದ ಆ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೆ ಈ ಕಾಗದ.

ನಾನು ಮದುವೆಯಾದ ದನಿ ಇದಲ್ಲ, ಮಹರಾಯರೇ. ನೆನಪಿದೆಯೇ? ನಾನು ಜಾಹೀರಾತು ಕಚೇರಿಯಲ್ಲಿ ಬರವಣಿಗೆಯ ಕೆಲಸಕ್ಕಿದ್ದೆ. ಒಂದು ಬೆಳಗ್ಗೆ ಫೋನ್ ಎತ್ತಿ, ಹಲೋ ಎಂದ ದನಿ ಕೇಳಿ "ಹೇಳಿ ಮೇಡಂ" ಎಂದೆ.  ಆ ಕಡೆಯಿಂದ ತೆಳ್ಳಗಿನ, ಸ್ವಲ್ಪ ಮೂಗು ಸೇರಿದ ಒಂದು ನಗು. "ಮೇಡಂ ಅಲ್ಲ, ಮೇಡಂ ತಮ್ಮ ಅಂದ್ಕೊಳ್ಳಿ" ಎಂದಿರಿ. ಧ್ವನಿ ಕೊಡುವ ಕೆಲಸ ಕೇಳಲು ಆ ದನಿಯಲ್ಲಿ ಫೋನ್ ಮಾಡಿದ ನಿಮ್ಮ ಧೈರ್ಯಕ್ಕೆ ನಾನು ದಿನವಿಡೀ ನಕ್ಕಿದ್ದೆ. ಸಂಜೆಯ ಹೊತ್ತಿಗೆ ಆ ನಗು ಬೇರೆ ಏನೋ ಆಗಿಬಿಟ್ಟಿತ್ತು.

ಮದುವೆಯಾದ ಮೇಲೆ ಒಂದು ಸಲ, ಒಂದೇ ಒಂದು ಸಲ, ನಿಮ್ಮ ಅಪ್ಪನ ಮನೆಯ ಊಟದ ವಿಷಯ ಹೇಳಿದಿರಿ. ತಟ್ಟೆಯಲ್ಲಿ ಅನ್ನ ಮುಗಿದರೆ "ಇನ್ನೊಂದು ಚೂರು" ಎಂದು ಕೇಳಬೇಕಿತ್ತು. ನೀವು ಕೇಳಿದರೆ ನಿಮ್ಮ ಅಪ್ಪ ಸೌಟನ್ನು ಪಾತ್ರೆಯ ಮೇಲೇ ಹಿಡಿದು "ಗಂಡು ದನಿಯಲ್ಲಿ ಕೇಳು, ಹಾಕ್ತೀನಿ" ಎನ್ನುತ್ತಿದ್ದರು. ಅಮ್ಮ, ಅಕ್ಕ ಎಲ್ಲ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನೀವು ಅರ್ಧ ಹೊಟ್ಟೆಯಲ್ಲಿ ಎದ್ದು ಹೋಗಿ ರೇಡಿಯೋ ಮುಂದೆ ಕೂತು, ವಾರ್ತೆ ಓದುವವರ ಹಿಂದೆ ಒಂದೊಂದೇ ಸಾಲು ಹೇಳಿಕೊಳ್ಳುತ್ತಿದ್ದಿರಿ. ಹೊಟ್ಟೆಯಿಂದ ದನಿ ತೆಗೆಯುವುದನ್ನು ನಿಮಗೆ ಕಲಿಸಿದ್ದು ಆ ಪೆಟ್ಟಿಗೆ. ಮುಂದೆ ಒಂದು ದಿನ ಸರಿಯಾದ ದನಿಯಲ್ಲಿ ಕೇಳಿದಿರಿ, ಅಪ್ಪ ಎರಡು ಸೌಟು ಹಾಕಿದರು. ಅದನ್ನು ನೀವು ನಗುತ್ತಾ ಹೇಳಿದಿರಿ. 

ಆ ದನಿ ನಮಗೂ ಅನ್ನ ಹಾಕಿತು, ಇಲ್ಲ ಎನ್ನಲಾರೆ. ಮೊದಲು ಬನಿಯನ್ನಿನ ಜಾಹೀರಾತು, ಆಮೇಲೆ ಸಿಮೆಂಟು, ಆಮೇಲೆ ಮೋಟಾರ್ ಬೈಕು. ಮೂರಕ್ಕೂ ಕೊನೆಯಲ್ಲಿ "ಗಂಡಸಿನ ಆಯ್ಕೆ" ಎನ್ನುವ ಮಾತು ಇತ್ತು. ಬನಿಯನ್ನಾದರೂ ಸರಿ, ಸಿಮೆಂಟಿಗೆ ಯಾಕೆ ಎಂದು ನಾನು ಕೇಳಿದಾಗ ನೀವು ನಕ್ಕು ನಕ್ಕು ಆ ತೆಳ್ಳಗಿನ ದನಿಗೆ ಜಾರಿದ್ದಿರಿ. ಆಗ ನಿಮಗೆ ಎರಡು ದನಿಗಳಿದ್ದವು. ಅಂಗಿ ಬಿಚ್ಚಿ ಮೊಳೆಗೆ ತೂಗಿಹಾಕಿದ ಹಾಗೆ ಒಂದನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದಿರಿ.

ಕಮಾಂಡರ್ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಹೊರದೇಶದ ಆ ಚಿತ್ರವನ್ನು ನಮ್ಮ ಭಾಷೆಗೆ ತರುವಾಗ ತುಟಿಯ ಆಟಕ್ಕೆ ತಕ್ಕ ಮಾತು ಕೂರಿಸಿದ್ದು ನಾನು, ದನಿ ನಿಮ್ಮದು. ಆಸ್ಪತ್ರೆಯ ದೃಶ್ಯ ಮರೆತಿಲ್ಲ ತಾನೆ? ಮೂಲದಲ್ಲಿ ಆ ಕಮಾಂಡರ್ ಹೊಟ್ಟೆಗೆ ಗುಂಡು ತಿಂದು ಮಲಗಿದ್ದಾನೆ. ಗೆಳೆಯನಿಗೆ ಮೆಲ್ಲಗೆ, "ತುಂಬಾ ನೋವಾಗುತ್ತಿದೆ, ಕೈ ಬಿಡಬೇಡ" ಎನ್ನುತ್ತಾನೆ. ನಾನು ಹಾಗೆಯೇ ಬರೆದೆ. ತುಟಿಗೂ ಸರಿಯಾಗಿ ಕೂತಿತ್ತು. ನೀವು ಮೊದಲ ಸಲ ಹೇಳಿದಾಗ ಗಾಜಿನ ಈಚೆ ಕೂತಿದ್ದ ನನ್ನ ಕಣ್ಣು ಒದ್ದೆಯಾಯಿತು. ಸ್ಟುಡಿಯೋ ಯಜಮಾನರು ಹಾಳೆ ಕಿತ್ತುಕೊಂಡು "ಇದನ್ನ ನಮ್ಮ ಜನ ನೋಡಲ್ಲಮ್ಮ, ನಾಯಕ ನೋವು ಅಂದ್ರೆ ಟಿಕೆಟ್ ವಾಪಸ್ ಕೇಳ್ತಾರೆ" ಎಂದರು. ನಿಂತಲ್ಲೇ ಬೇರೆ ಮಾತು ಕೊಟ್ಟರು: "ಇದು ಗುಂಡಾ? ಸೊಳ್ಳೆ ಕಚ್ಚಿದ ಹಾಗಿದೆ." ತೆರೆಯ ಮೇಲೆ ಆ ಮನುಷ್ಯನ ಕಣ್ಣಿಂದ ನೀರು ಇಳಿಯುತ್ತಿದೆ, ಬಾಯಿಂದ ಸೊಳ್ಳೆ ಬರುತ್ತಿದೆ. ಕಣ್ಣೀರು ಕಾಣದ ಹಾಗೆ ಆ ಚೂರನ್ನು ಕತ್ತಲು ಮಾಡಿದರು.

ಆ ಮಾತು ಎಲ್ಲೆಲ್ಲಿಗೆ ಹೋಯಿತು ನೋಡಿ. ಲಾರಿಗಳ ಹಿಂದೆ ಬರೆಸಿಕೊಂಡರು. ರೇಡಿಯೋದವರು ಬೆಳಗ್ಗೆ ಎದ್ದರೆ ಅದನ್ನೇ ಹಾಕಿದರು. ನಮ್ಮ ಬೀದಿಯಲ್ಲಿ ಮೊಣಕಾಲು ತರಚಿಕೊಂಡ ಮಕ್ಕಳು ಅಳು ನುಂಗಿ ಸೊಳ್ಳೆ ಸೊಳ್ಳೆ ಎಂದು ಕುಣಿದರು. ಪಕ್ಕದ ಮನೆಯಾಕೆ ನಿಮ್ಮೆಜಮಾನರು ಮನೆಯಲ್ಲೂ ಹೀಗೇನಾ ಎಂದು ನಾಚಿಕೊಂಡು ಕೇಳಿದಾಗ ನಾನೂ ಉಬ್ಬಿಹೋದೆ, ಸುಳ್ಳೇಕೆ ಹೇಳಲಿ. ಮನೆಯಲ್ಲೂ ಹಾಗೇ ಆದದ್ದು ಆಮೇಲೆ. ಆ ದನಿ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿತು. ಉಪ್ಪು ಕೇಳುವುದಕ್ಕೂ ಅದೇ, ಮಗಳ ಲೆಕ್ಕ ತಿದ್ದುವುದಕ್ಕೂ ಅದೇ. ನಾನು ತಮಾಷೆ ಮಾಡಿದರೆ ಅದಕ್ಕೆ ನಗು ಬರುತ್ತಿರಲಿಲ್ಲ, ಏಕೆಂದರೆ ಕಮಾಂಡರ್ ನಗುವುದಿಲ್ಲ. ನಿಮ್ಮ ಅಮ್ಮ ತೀರಿಕೊಂಡಾಗ ನೀವು ಮೂರು ದಿನ ಮಾತೇ ಆಡಲಿಲ್ಲ. ಬಾಯಿ ತೆರೆದರೆ ಯಾವ ದನಿ ಬರುತ್ತದೋ ಎಂದು ಹೆದರಿದ್ದಿರಿ ಎಂದು ನನಗೆ ಈಗ ಅನಿಸುತ್ತದೆ. ಬಂದವರೆಲ್ಲ ಎಂಥಾ ಗಟ್ಟಿ ಮನುಷ್ಯ ಎಂದು ಹೊಗಳಿ ಹೋದರು.

ಇನ್ನು ನಿಮ್ಮ ದನಿಗೆ ಬಂದ ಒರಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಮೈ ಉರಿಯುತ್ತದೆ.

ಎರಡನೆಯ ಭಾಗಕ್ಕೆ ಮೊದಲು ನಿಮ್ಮ ಗಂಟಲು ಒಡೆಯಿತು. ದನಿಯ ತಳದಲ್ಲಿ ಮರಳು ಉಜ್ಜಿದ ಸದ್ದು. ಇಷ್ಟು ವರ್ಷ ಒಂದು ಕಟ್ಟುಪಾಡಿತ್ತು: ಕಿರುಚಾಟ, ಹೊಡೆದಾಟದ ಹೂಂಕಾರಗಳನ್ನೆಲ್ಲ ದಿನದ ಕೊನೆಗೆ ಇಟ್ಟುಕೊಳ್ಳುವುದು, ಮಾತಿನ ಸಾಲುಗಳು ಮುಗಿದ ಮೇಲೆ. ಗಂಟಲು ಹಾಳಾಗಬಾರದು ಎಂದು ಹಳಬರು ಮಾಡಿದ ಪದ್ಧತಿ. ಯಜಮಾನರು ಅದನ್ನು ತಿರುವಿ ಹಾಕಿದರು. ಮೊದಲು ಕಿರುಚಿಸಿದರು, ಗಂಟಲು ಕೆಂಡವಾದ ಮೇಲೆ ಮಾತು ಹೇಳಿಸಿದರು. "ಈಗ ಬಂತು ನೋಡ್ರಿ ನಿಜವಾದ ಗಂಡಸಿನ ದನಿ" ಎಂದು ಚಪ್ಪಾಳೆ ತಟ್ಟಿದರು. ನಡುನಡುವೆ ನಿಮಗೆ ಕೆಮ್ಮು ಬರುತ್ತಿತ್ತು. ಸೌಂಡ್ ಇಂಜಿನಿಯರ್, ನಮ್ಮ 'ಕಿವಿ', ಕೆಮ್ಮನ್ನೆಲ್ಲ ಕತ್ತರಿಸಿ ತೆಗೆದು ಒರಟನ್ನು ಉಳಿಸಿಕೊಂಡ. ಹಾಗೆ ಜನಕ್ಕೆ ತಲುಪಿದ್ದು ಕೆಮ್ಮಿಲ್ಲದ ಕಾಯಿಲೆ.

ಪತ್ರಿಕೆಯವರು ಕೈಗೆ ಸಿಕ್ಕ ವಿಶೇಷಣಗಳನ್ನೆಲ್ಲ ಸುರಿದರು. ಗಂಡೆದೆಯ ಗರ್ಜನೆ, ಅನುಭವದ ಬೆಂಕಿಯಲ್ಲಿ ಬೆಂದ ಕಂಠ ಎಂದರು. ನೀವು ಅದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದಿರಿ. ರೇಡಿಯೋ ಸಂದರ್ಶನದಲ್ಲಿ ಆ ಹುಡುಗಿ ಈ ದನಿಯ ಗುಟ್ಟೇನು ಎಂದು ಕೇಳಿದಾಗ "ಗಂಡಸಾಗಿ ಬದುಕಿದ್ರೆ ತಾನಾಗೇ ಬರುತ್ತೆ" ಎಂದಿರಿ. ಹಿಂದಿನ ಬೀದಿಯ ಹುಡುಗರು ಆಮೇಲೆ ತಾರಸಿ ಹತ್ತಿ ಗಂಟಲು ಹರಿಯುವ ಹಾಗೆ ಕಿರುಚಿ ದನಿ ಒರಟು ಮಾಡಿಕೊಳ್ಳಲು ನೋಡಿದರು. ನಾನು ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ ನೀವು ಬೀರುವಿನ ಬಾಗಿಲು ತೆರೆದು ತೋರಿಸುತ್ತಿದ್ದಿರಿ. ಎಂಟು ತಿಂಗಳು ಹೀಗೇ ಕಳೆಯಿತು. ಮೊದಲೇ ಬಂದಿದ್ದರೆ ಬರೀ ಗಡ್ಡೆ ತೆಗೆದು ಪೆಟ್ಟಿಗೆ ಉಳಿಸಬಹುದಿತ್ತು ಎಂದು ಡಾಕ್ಟರಮ್ಮ ನನಗೊಬ್ಬಳಿಗೇ ಹೇಳಿದ್ದಾರೆ. ಈಗ ನಿಮಗೂ ಹೇಳಿದಂತಾಯಿತು. ಬೈದುಕೊಳ್ಳಿ ಪರವಾಗಿಲ್ಲ.

ಕೊನೆಗೆ ನೀವು ಆಸ್ಪತ್ರೆಗೆ ಬಂದದ್ದು ಬಟ್ಟಲಿನಲ್ಲಿ ರಕ್ತ ಕಂಡ ಮೇಲೆ. ಆವತ್ತು ಏನಾಯಿತು ಎಂಬುದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಡಾಕ್ಟರಮ್ಮ ಗಂಟಲಿಗೆ ಕನ್ನಡಿ ಹಾಕಿ ನೋಡಿದ ಮೇಲೆ "ನುಂಗುವಾಗ ನೋವಿದೆಯಾ?" ಎಂದು ಕೇಳಿದರು. ನೀವು ಸೊಳ್ಳೆ ಕಚ್ಚಿದ ಹಾಗಿದೆ ಎಂದಿರಿ. ಬಾಗಿಲ ಬಳಿ ನಿಂತಿದ್ದ ನರ್ಸ್ ಕುಣಿದಾಡಿಬಿಟ್ಟಳು. "ಅಯ್ಯೋ ಸರ್, ನೀವೇನಾ ಅದು? ಇನ್ನೊಂದ್ ಸಲ ಹೇಳಿ ಸರ್" ಎಂದು ಫೋನ್ ಚಾಚಿದಳು. ನೀವು ಇನ್ನೊಂದು ಸಲ ಹೇಳಿದಿರಿ. ಆವತ್ತಿನ ಹಿಂದಿನ ರಾತ್ರಿ ಒಂದು ತುತ್ತು ನುಂಗಲು ಗೋಡೆಗೆ ತಲೆ ಒತ್ತಿ ನಿಂತಿದ್ದ ಮನುಷ್ಯ ನೀವು. ಡಾಕ್ಟರಮ್ಮನ ಮುಖ ಮಾತ್ರ ಕಲ್ಲಾಗಿತ್ತು. ನೋವಿಲ್ಲ ಎಂದು ಬರೆದುಕೊಂಡರು, ಹಾಗಾಗಿ ಪರೀಕ್ಷೆಗೆ ಆಮೇಲಿನ ವಾರದ ದಿನ ಸಿಕ್ಕಿತು. ಹಿಂದಿನ ರಾತ್ರಿಯ ವಿಷಯವನ್ನು ನಾನಾದರೂ ಅವರಿಗೆ ಹೇಳಬೇಕಿತ್ತು. ಹೊರಗೆ ಬಂದು ನಿಮಗೆ ಬಾಯಿಗೆ ಬಂದಂತೆ ಬೈದೆ. ನೀವು ಆಟೋದಲ್ಲಿ ಆ ಕಡೆ ತಿರುಗಿ ಕೂತಿರಿ.

ಪೆಟ್ಟಿಗೆ ತೆಗೆದ ಮೇಲೆ ಹೇಗಿರುತ್ತದೆ ಎಂದು ನೋಡಿ ಬರಲು ಮೊನ್ನೆ ನಾನೇ ಆಸ್ಪತ್ರೆಯ ಹಿಂಬದಿಯ ಕಟ್ಟಡಕ್ಕೆ ಹೋಗಿದ್ದೆ. ಅಲ್ಲಿ ಒಂದು ಉದ್ದ ಕೋಣೆಯಲ್ಲಿ ಮಾತು ಕಲಿಸುತ್ತಾರೆ. ಚೆನ್ನಾಗಿದೆ ಎಂದು ಬಣ್ಣ ಹಚ್ಚುವುದಿಲ್ಲ. ಕುತ್ತಿಗೆಯಲ್ಲಿ ರೂಪಾಯಿಯಷ್ಟು ತೂತು, ಅದರ ಮೇಲೆ ಬಟ್ಟೆಯ ತುಂಡು. ಉಸಿರೂ ಅಲ್ಲಿಂದಲೇ, ಕೆಮ್ಮೂ ಅಲ್ಲಿಂದಲೇ. ಗಾಳಿ ನುಂಗಿ ತೇಗಿನ ಹಾಗೆ ಹೊರಗೆ ಬಿಡುತ್ತಾ ಒಂದೊಂದೇ ಪದ ಕಟ್ಟುತ್ತಾರೆ. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲವಂತೆ. ಅಲ್ಲಿದ್ದವರಲ್ಲಿ ಮುಕ್ಕಾಲು ಜನ ಗಂಡಸರು, ಎಲ್ಲರೂ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಒಬ್ಬ ಬಸ್ ಡ್ರೈವರ್ ಇದ್ದ. ಮೊದಲು ಗೆಳೆಯರು ಬರುತ್ತಿದ್ದರಂತೆ, ಈಗ ಯಾರೂ ಇಲ್ಲ ಎಂದು ಅವನ ಹೆಂಡತಿ ಹೇಳಿದಳು. ಮಾತು ಹೋದ ಮೇಲೆ ಅವನು ಮನೆಯಲ್ಲಿ ಅಳುತ್ತಾನಂತೆ, ಸದ್ದೇ ಬರುವುದಿಲ್ಲವಂತೆ. "ಮೊದಲು ಇಪ್ಪತ್ತು ವರ್ಷ ಅತ್ತಿದ್ದೇ ಇಲ್ಲ, ಈಗ ದಿನಾ ಅಳ್ತಾರೆ, ನಾನು ಪಕ್ಕ ಕೂತಿರ್ತೀನಿ" ಎಂದಳು. ಹೇಳಿ ನಕ್ಕಳು. ಆ ನಗು ನನಗೆ ಅರ್ಥವಾಗಲು ಮನೆಗೆ ಬರುವಷ್ಟು ದಾರಿ ಹಿಡಿಯಿತು.

ನನಗೂ ಹಾಗೆ ಪಕ್ಕ ಕೂರಬೇಕು. ಅಷ್ಟೇ ಕೇಳುತ್ತಿರುವುದು. ಬೇಕಾದರೆ ಬೈಯಿರಿ, ಮುಖ ಊದಿಸಿಕೊಳ್ಳಿ, ಮಗಳ ಲೆಕ್ಕವನ್ನು ಬಳಪ ಹಿಡಿದು ತಿದ್ದಿ. ನಿಮ್ಮ ದನಿ ಹೋಗುತ್ತದೆ ಎಂದು ನನಗೆ ದುಃಖ ಇಲ್ಲವೆಂದುಕೊಳ್ಳಬೇಡಿ. ನನ್ನ ದುಃಖ ಬಹಳ ಹಿಂದೆಯೇ ಮುಗಿದದ್ದು. ಆ ತೆಳ್ಳಗಿನ ನಗು ಒಂದೊಂದು ಚೂರಾಗಿ ಹೋದಾಗ ಯಾರೂ ನಿಮ್ಮ ಒಪ್ಪಿಗೆಯ ಸಹಿ ಕೇಳಲಿಲ್ಲ, ನೀವು ಬ್ಯಾಗ್ ಹಿಡಿದು ಅಕ್ಕನ ಮನೆಗೆ ಓಡಲೂ ಇಲ್ಲ. ಈಗ ಹೋಗುತ್ತಿರುವುದು ನಿಮ್ಮ ಅಪ್ಪ ಸೌಟು ಹಿಡಿದು ಕೇಳಿದ ದನಿ, ಯಜಮಾನರು ಚಪ್ಪಾಳೆ ತಟ್ಟಿದ ದನಿ. ಅದಕ್ಕಾಗಿ ಯಾಕೆ ಸಾಯುತ್ತೀರಿ?

ನೀವು ಕೇಳಿದಿರಲ್ಲ, ಉಳಿಯುವುದನ್ನು ಗಂಡಸು ಎನ್ನುತ್ತಾರಾ ಎಂದು. ನನಗೆ ಗೊತ್ತಿಲ್ಲ. ಯಾರು ಏನೆನ್ನುತ್ತಾರೋ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಬೆಳಗ್ಗೆ ಹಾಲು ತರಲು ಹೋಗಿ ಚಿಲ್ಲರೆ ಮರೆತು ಬರುವ, ಮಗಳ ಜಡೆಯನ್ನು ನನಗಿಂತ ಚೆನ್ನಾಗಿ ಹೆಣೆಯುವ ಮನುಷ್ಯ ಉಳಿದರೆ ನನಗೆ ಸಾಕು.

ಸೋಮವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಭಾನುವಾರ ಸಂಜೆಯೇ ಬಂದು ದಾಖಲಾದರೆ ಒಳ್ಳೆಯದು. ಅಕ್ಕನಿಗೆ ನಿಜ ಹೇಳಿ ಹೊರಡಿ. ಹೇಳಲು ಬಾಯಿ ಬರದಿದ್ದರೆ ಈ ಕಾಗದ ಅವರ ಕೈಗೆ ಕೊಡಿ. ನಾನು ಆಸ್ಪತ್ರೆಯ ಮುಂಬಾಗಿಲಲ್ಲಿ, ಔಷಧಿ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಕೂತಿರುತ್ತೇನೆ. ನೀವು ಬರದಿದ್ದರೂ ಕೂತಿರುತ್ತೇನೆ, ಬೇರೆ ಎಲ್ಲಿಗೆ ಹೋಗಲಿ.

ನಿಮ್ಮ ಮೇಲೆ ಸಿಟ್ಟೂ ಆಸೆಯೂ ಇಟ್ಟುಕೊಂಡಿರುವ,
ನಿಮ್ಮವಳು

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡೇ ಸಹಿ ಹಾಕಿದೆ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಮೂರನೆಯ ಭಾಗ ಮುಗಿದಿದೆ. ನೀವು ಮನೆ ಬಿಟ್ಟು ಹೋದ ವಾರವೇ ಸ್ಟುಡಿಯೋ ಯಜಮಾನರು ಬೇರೆ ಒಬ್ಬನನ್ನು ಕರೆಸಿದರು. ಮಾತು ಕೂರಿಸಿದ್ದು ನಾನೇ, ಆಸ್ಪತ್ರೆಗೆ ದುಡ್ಡು ಕಟ್ಟಬೇಕಿತ್ತು. ಅವನ ಗಂಟಲು ನುಣುಪಾಗಿ, ಆರೋಗ್ಯವಾಗಿ ಇದೆ. ನಿಮ್ಮ ಹಳೆಯ ರೆಕಾರ್ಡಿಂಗ್ ಇಟ್ಟುಕೊಂಡು 'ಕಿವಿ' ಮೆಷಿನ್ನಿನಲ್ಲೇ ಆ ಒರಟನ್ನು ಅವನ ದನಿಯ ಮೇಲೆ ಸೇರಿಸಿದ. ನಿನ್ನೆ ಸಂಜೆ ಸ್ಟುಡಿಯೋ ಕೆಲಸದವರ ಮನೆಮಂದಿಗೆಲ್ಲ ಚಿತ್ರ ತೋರಿಸಿದರು. ಮಗಳು ಹಟ ಹಿಡಿದಳು, ಕರೆದುಕೊಂಡು ಹೋದೆ. ನೀವು ಆಡಿದಾಗ ಎಲ್ಲೆಲ್ಲಿ ಶಿಳ್ಳೆ ಬೀಳುತ್ತಿತ್ತೋ ಅಲ್ಲೆಲ್ಲ ಬಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ, ಒಬ್ಬರೂ ಇದು ಬೇರೆಯವರ ದನಿ ಎನ್ನಲಿಲ್ಲ. ಅರ್ಧ ಚಿತ್ರ ಮುಗಿಯುವ ಹೊತ್ತಿಗೆ ಮಗಳು ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು, "ಅಮ್ಮ, ಅಪ್ಪ ಯಾವಾಗ ಬಂದು ಮಾತಾಡಿ ಹೋದ್ರು? ನನ್ನ ನೋಡೋಕೆ ಮನೆಗೆ ಯಾಕೆ ಬರ್ಲಿಲ್ಲ?"